ಅತ್ತೆಯನ್ನು ವರ್ಣಿಸಿ

ಹಾವೇರಿಯ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಎಬೌಟ್ ಅಕ್ಕೋರು’ ಎನ್ನುತ್ತಾರೆ. ಈ ಬಿರುದು ಸುಮ್ಮನೆ ಬಂದದ್ದಲ್ಲ. ‘ಡಿಸ್ಕ್ರೈಬ್’ ಎಂಬ ಕ್ರಿಯಾಪದದ ಪಕ್ಕದಲ್ಲಿ ‘ಎಬೌಟ್’ ಕೂರಿಸಬಾರದು ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಗಳಿಸಿದ್ದು. ‘ಡಿಸ್ಕ್ರೈಬ್ ಎಬೌಟ್ ಯುವರ್ ವಿಲೇಜ್’ ಎಂದರೆ ತಪ್ಪು, ‘ಡಿಸ್ಕ್ರೈಬ್ ಯುವರ್ ವಿಲೇಜ್’ ಎಂದರೆ ಸರಿ. ಕನ್ನಡದಲ್ಲೂ ನಾವು ಊರಿನ ಬಗ್ಗೆ ಹೇಳುತ್ತೇವೆ, ಆದರೆ ಊರನ್ನು ವರ್ಣಿಸುತ್ತೇವೆ. ಇದರಲ್ಲಿ ಕಷ್ಟವೇನಿದೆ? ಆದರೂ ಪ್ರತಿ ಪರೀಕ್ಷೆಯಲ್ಲಿ ಆ ‘ಎಬೌಟ್’ ಗದ್ದೆಯ ಕಳೆಯ ಹಾಗೆ ಎದ್ದು ಬರುತ್ತದೆ, ನಾನು ಕೆಂಪು ಪೆನ್ನು ಹಿಡಿದು ಕೀಳುತ್ತಾ ಕೂರುತ್ತೇನೆ.

ಶಾಲೆಯ ಹೊರಗಾದರೂ ಸುಮ್ಮನಿರುತ್ತೇನೆಯೇ ಎಂದರೆ ಅದೂ ಇಲ್ಲ. ಒಮ್ಮೆ ಮದುವೆಯ ಊಟದಲ್ಲಿ ಪಕ್ಕದ ಎಲೆಯವರು ತಮ್ಮ ಕಾಶಿಯಾತ್ರೆಯನ್ನು ಇಂಗ್ಲಿಷಿನಲ್ಲಿ ಬಣ್ಣಿಸುತ್ತಾ, ‘ಐ ವಿಲ್ ಡಿಸ್ಕ್ರೈಬ್ ಯು ಎಬೌಟ್ ಗಂಗಾ’ ಎಂದರು. ಹೋಳಿಗೆ ಬಾಯಲ್ಲಿ ಇದ್ದಂತೆಯೇ ತಿದ್ದಿದೆ. ಒಂದು ವಾಕ್ಯದಲ್ಲಿ ಎರಡು ತಪ್ಪು ಎಂದೂ ಸೇರಿಸಿದೆ. ‘ಡಿಸ್ಕ್ರೈಬ್ ಟು ಯು’ ಎನ್ನಬೇಕು, ‘ಡಿಸ್ಕ್ರೈಬ್ ಯು’ ಎಂದರೆ ನೀವು ವರ್ಣಿಸುವುದು ನನ್ನನ್ನೇ ಆಗುತ್ತದೆ ಎಂದೆ. ಅವರು ಅನ್ನ ಬರುವ ಮೊದಲೇ ಎದ್ದು ಬೇರೆ ಪಂಕ್ತಿಗೆ ಹೋದರು.

ಹೀಗಿರುವ ನನಗೆ ಕಳೆದ ಚಳಿಗಾಲದಲ್ಲಿ ರಾಣೆಬೆನ್ನೂರಿನ ಶಿಕ್ಷಕರ ತರಬೇತಿಯಲ್ಲಿ ಎರಡು ಗಂಟೆ ಮಾತಾಡುವ ಅವಕಾಶ ಬಂತು. ವಿಷಯ ನಿಮ್ಮಿಷ್ಟ ಎಂದರು. ನನ್ನ ಇಷ್ಟ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ‘ಡಿಸ್ಕ್ರೈಬ್’ ಎಂದು ಬಂದರೆ ಹೇಗಿದೆ ಎಂಬುದನ್ನು ಬರೆಯಬೇಕು, ‘ಎಕ್ಸ್‌ಪ್ಲೇನ್’ ಎಂದು ಬಂದರೆ ಯಾಕೆ ಹಾಗಿದೆ ಎಂಬುದನ್ನು ಬರೆಯಬೇಕು ಎಂದು ವಿವರಿಸಿದೆ. ಪತ್ರಿಕೆಗಳಲ್ಲಿ ಒಬ್ಬರನ್ನು ‘ಸರಳ ವ್ಯಕ್ತಿ ಎಂದು ಬಣ್ಣಿಸಿದರು’ ಎಂದು ಬರುತ್ತದಲ್ಲ, ಅಲ್ಲಿ ‘ಡಿಸ್ಕ್ರೈಬ್’ ಪದಕ್ಕೆ ‘ಆ್ಯಸ್’ ಜೊತೆಯಾಗುತ್ತದೆ ಎಂದೆ. ಎಲ್ಲರೂ ತಲೆಯಾಡಿಸುತ್ತಿದ್ದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಗಣಿತದ ಮೇಷ್ಟ್ರು ಎದ್ದರು. ಅವರ ಶಾಲೆಯಲ್ಲಿ ಇಂಗ್ಲಿಷಿಗೆ ಯಾರೂ ಇಲ್ಲದೆ ಅದೂ ಅವರ ತಲೆಗೇ ಬಂದಿತ್ತಂತೆ.

“ಮೇಡಂ, ನಮ್ಮ ಹಳೇ ಜ್ಯಾಮಿಟ್ರಿ ಪುಸ್ತಕದಾಗ ಕೈವಾರ ವರ್ತುಲ ಡಿಸ್ಕ್ರೈಬ್ ಮಾಡ್ತೈತಿ ಅಂತ ಐತ್ರಿ. ಅಲ್ಲಿ ಕೈವಾರ ಏನಂತ ವರ್ಣಿಸ್ತೈತ್ರಿ? ವರ್ತುಲ ಭಾಳ ಚಂದ ಐತಿ ಅಂತನೋ?”

ಸಭೆ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. “ಅದು ಚಹಾದ ನಂತರದ ಭಾಗದಲ್ಲಿ ಬರುತ್ತದೆ” ಎಂದು ಗಂಭೀರವಾಗಿ ಹೇಳಿದೆ. ಚಹಾದ ಹೊತ್ತಿನಲ್ಲಿ ಜಗಲಿಯ ಕಂಬದ ಮರೆಗೆ ಹೋಗಿ ಫೋನಿನಲ್ಲಿ ನಿಘಂಟು ತೆಗೆದು ನೋಡಿದೆ. ಚಲಿಸುವ ವಸ್ತು ಯಾವ ಆಕಾರದ ದಾರಿಯಲ್ಲಿ ಸಾಗುತ್ತದೋ ಆ ಆಕಾರವನ್ನು ಅದು ‘ಡಿಸ್ಕ್ರೈಬ್’ ಮಾಡುತ್ತದಂತೆ. ಹದ್ದು ಆಕಾಶದಲ್ಲಿ ಸುತ್ತು ಹಾಕಿದರೂ ಅದೇ ಮಾತು. ಬಂದು, ಹುಟ್ಟಿದಾಗಿನಿಂದ ಇದು ಗೊತ್ತಿದ್ದವಳಂತೆ ಹೇಳಿದೆ.

ಕೊನೆಯಲ್ಲಿ ವ್ಯಕ್ತಿಯನ್ನು ವರ್ಣಿಸುವ ಕ್ರಮ ಬಂತು. “ಮಕ್ಕಳು ‘ಮೈ ಮದರ್ ಈಸ್ ವೆರಿ ಗುಡ್’ ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಅದು ವರ್ಣನೆಯಲ್ಲ, ಸರ್ಟಿಫಿಕೇಟು” ಎಂದೆ. ವಯಸ್ಸು, ಎತ್ತರ, ಬಣ್ಣ, ಉಡುಪು, ಸ್ವಭಾವ ಎಂದು ಹಲಗೆಯ ಮೇಲೆ ಬರೆದು, ಇದೇ ಅನುಕ್ರಮ, ಭಾವನೆ ಬೆರೆಸಬಾರದು ಎಂದು ಕೆಳಗೆ ಎರಡು ಗೆರೆ ಎಳೆದೆ. ಚಪ್ಪಾಳೆ ಬಿತ್ತು. ರೈಲಿನಲ್ಲಿ ಹಾವೇರಿಗೆ ಮರಳುವಾಗ ನನ್ನ ಕುತ್ತಿಗೆ ಸ್ವಲ್ಪ ಉದ್ದವೇ ಆಗಿತ್ತು.

ಮರುದಿನ ಅತ್ತೆಯನ್ನು ಕರೆದುಕೊಂಡು ಬ್ಯಾಡಗಿಗೆ ಹೋಗುವುದಿತ್ತು. ವರ್ಷದ ಖಾರಕ್ಕೆ ಮೆಣಸಿನಕಾಯಿ ತರಲು ಅತ್ತೆ ತಾವೇ ಬರುತ್ತಾರೆ. ಕಾಯನ್ನು ಮುರಿದು, ಮೂಸಿ, ಬೆಳಕಿಗೆ ಹಿಡಿದು ನೋಡದೆ ಅವರು ಚೀಲ ಬಿಚ್ಚುವುದಿಲ್ಲ. ನನ್ನ ಕೆಲಸ ಚೀಲ ಹೊರುವುದು. ಅವರ ಫೋನು, ಕನ್ನಡಕದ ಡಬ್ಬಿ ಎಲ್ಲವೂ ನನ್ನ ಹೆಗಲ ಬ್ಯಾಗಿನಲ್ಲೇ.

ಸುಗ್ಗಿಯ ಕಾಲ. ಮಾರುಕಟ್ಟೆಯ ಅಂಗಳದಲ್ಲಿ ಕಣ್ಣು ಹಾಯುವವರೆಗೂ ಕೆಂಪು ರಾಶಿ. ಲಾರಿ, ಹಮಾಲರ ಕೂಗು, ಎಲ್ಲರ ಸೀನು. ಅತ್ತೆ ಒಂದು ರಾಶಿಯ ಮುಂದೆ ಬಗ್ಗಿದರು. ನನ್ನ ಫೋನು ಟಿಣ್ ಎಂದಿತು. ಶಿಕ್ಷಕರ ಗುಂಪಿನಲ್ಲಿ ನಿನ್ನೆಯ ಫೋಟೊ ಹಾಕಿದ್ದರು. ಹಲಗೆಯ ಮುಂದೆ ಬೆರಳೆತ್ತಿ ನಿಂತ ನಾನು. ಕೆಳಗೆ ಒಬ್ಬರ ಮೇಲೊಬ್ಬರು, ‘ಅದ್ಭುತ ಉಪನ್ಯಾಸ ಮೇಡಂ’, ‘ಕಣ್ಣು ತೆರೆಸಿದಿರಿ ಮೇಡಂ’. ಎಲ್ಲರಿಗೂ ಬೇರೆ ಬೇರೆ ಮಾತಿನಲ್ಲಿ ವಿನಯದಿಂದ ಉತ್ತರ ಬರೆದೆ. ವಿನಯ ತೋರಿಸುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ತಲೆಯೆತ್ತಿ ನೋಡಿದರೆ ಅತ್ತೆ ಇಲ್ಲ.

ಮೊದಲು ಗಾಬರಿಯಾಗಲಿಲ್ಲ. ಪಕ್ಕದ ರಾಶಿ, ಅದರಾಚೆಯ ರಾಶಿ, ಚಹಾದಂಗಡಿ, ಕುಡಿಯುವ ನೀರಿನ ನಲ್ಲಿ ಎಲ್ಲ ನೋಡಿದೆ. ಫೋನು ಮಾಡಿದೆ. ನನ್ನ ಬ್ಯಾಗೇ ಹಾಡತೊಡಗಿತು. ಆಗ ಗಾಬರಿಯಾಯಿತು. ಯಾರೋ ಮೈಕಿನ ಕೋಣೆ ತೋರಿಸಿದರು.

ಕೋಣೆಯಲ್ಲಿ ಬಿಳಿ ಟೋಪಿ ಹಾಕಿಕೊಂಡ ಒಬ್ಬ ಹಿರಿಯರು ಮೈಕಿನ ಮುಂದೆ ಕೂತಿದ್ದರು. ದಾರಿಗೆ ಅಡ್ಡ ನಿಂತ ಟ್ರ್ಯಾಕ್ಟರು ತೆಗೆಯಿರಿ ಎಂದು ಒಮ್ಮೆ ಕನ್ನಡದಲ್ಲಿ, ಒಮ್ಮೆ ಹೊರರಾಜ್ಯದ ವ್ಯಾಪಾರಿಗಳಿಗಾಗಿ ಹಿಂದಿಯಲ್ಲಿ ಕೂಗಿ ನನ್ನತ್ತ ತಿರುಗಿದರು.

“ನಮ್ಮ ಅತ್ತಿ ಕಳದಾರ್ರಿ” ಎಂದೆ.

“ಕುಂದ್ರಿ ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಇಲ್ಲಿ ಕಳದವರು ಎಲ್ಲಾರೂ ಸಿಗ್ತಾರ. ಹೆಂಗ ಅದಾರ ಹೇಳ್ರಿ.”

ನಾನು ಫೋನಿನಲ್ಲಿ ಅತ್ತೆಯ ಫೋಟೊ ಹುಡುಕಿ ಮುಂದೆ ಹಿಡಿದೆ.

“ಮೈಕಿನಾಗ ಫೋಟೊ ತೋರ್ಸಾಕ ಬರಂಗಿಲ್ರಿ. ಬಾಯಿಲೆ ಹೇಳ್ರಿ.”

ಗಾಬರಿಯಲ್ಲಿ ಮನುಷ್ಯರಿಗೆ ದೇವರು ನೆನಪಾಗುತ್ತಾನಂತೆ. ನನಗೆ ನೆನಪಾದದ್ದು ನಾನೇ ಬರೆದ ಹಲಗೆ. ವಯಸ್ಸು ಎಪ್ಪತ್ತೆರಡು ಎಂದೆ. ಎತ್ತರ ಕಡಿಮೆ, ಗಿಡ್ಡ. ಬಣ್ಣ ಕಪ್ಪು. ಬೆನ್ನು ಸ್ವಲ್ಪ ಬಾಗಿದೆ. ಉಡುಪು ಎನ್ನುವಲ್ಲಿ ನಿಂತೆ. ಬೆಳಿಗ್ಗೆ ಅವರ ಜೊತೆ ರೊಟ್ಟಿ ತಿಂದಿದ್ದೆ, ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಬಂದಿದ್ದೆ. ಸೀರೆಯ ಬಣ್ಣ ಮಾತ್ರ ಏನು ಮಾಡಿದರೂ ಕಣ್ಣ ಮುಂದೆ ಬರಲಿಲ್ಲ.

“ಹಸಿರು... ಇಲ್ಲಂದ್ರ ನೀಲಿ ಇರಬೇಕ್ರಿ.”

ಅವರು ನನ್ನ ಮುಖ ನೋಡಿದರು. “ಬ್ಯಾರೆ ಗುರುತು ಏನರ?”

ಮಚ್ಚೆ ಇದೆಯೋ, ಹಣೆಯ ಮೇಲೆ ಹಚ್ಚೆ ಇದೆಯೋ, ಹೊಳೆಯಲೇ ಇಲ್ಲ. ಅನುಕ್ರಮದಲ್ಲಿ ಒಂದೇ ಅಂಶ ಉಳಿದಿತ್ತು.

“ಸ್ವಭಾವ ಜರಾ ಸಿಟ್ಟಿಂದು ಐತ್ರಿ.”

ಅವರು ಅದನ್ನೂ ಬಿಡಲಿಲ್ಲ. ಮಾರುಕಟ್ಟೆಯ ಮೂಲೆಮೂಲೆಗೂ ಕೇಳುವಂತೆ ದನಿ ಎತ್ತಿದರು. “ಎಲ್ಲರೂ ಗಮನಿಸಿ. ಹಾವೇರಿಯಿಂದ ಬಂದಿರುವ ಒಬ್ಬ ವೃದ್ಧೆ ಕಾಣೆಯಾಗಿದ್ದಾರೆ. ವಯಸ್ಸು ಎಪ್ಪತ್ತೆರಡು. ಗಿಡ್ಡ ದೇಹ. ಕಪ್ಪು ಬಣ್ಣ. ಬಾಗಿದ ಬೆನ್ನು. ಸೀರೆ ಹಸಿರು ಅಥವಾ ನೀಲಿ. ಸಿಟ್ಟಿನ ಸ್ವಭಾವ. ಕಂಡವರು ಜೋಪಾನವಾಗಿ ಮೈಕಿನ ಕೋಣೆಗೆ ಕರೆತರಬೇಕು.” ನಾನು ಹೇಳಿದ ಹೆಸರನ್ನೂ ಕೂಗಿದರು. ಆದರೆ ಆ ಹೆಸರಿನ ಹೆಂಗಸರು ನಮ್ಮ ಕಡೆ ಓಣಿಗೆ ನಾಲ್ವರಿದ್ದಾರೆ. ಆಮೇಲೆ ಹಿಂದಿಯಲ್ಲಿ ಹೇಳುವಾಗ ಅತ್ತೆ ಇನ್ನಷ್ಟು ಮುದುಕಿಯಾದರು, ಸಿಟ್ಟೂ ಹೆಚ್ಚಾಯಿತು. ‘ಬಹುತ್ ಗುಸ್ಸೇವಾಲೀ’ ಎಂಬುದು ತಗಡಿನ ಚಾವಣಿಗೆಲ್ಲ ಬಡಿದು ಮರಳಿ ಬಂತು.

ಯಾರೂ ಬರಲಿಲ್ಲ. ಕೂತಿರಲಾಗದೆ ನಾನು ಹೊರಬಿದ್ದು ಅಂಗಳದ ಸುತ್ತ ಹುಡುಕಾಡಿದೆ. ಒಂದು ಸುತ್ತು ಮುಗಿಸಿ ಹೊರಟಲ್ಲಿಗೇ ಬಂದು ನಿಂತಾಗ ಆ ಗಣಿತದ ಮೇಷ್ಟ್ರು ಕಂಡಿದ್ದರೆ ಸಾಕಿತ್ತು, ನಾನೇ ವರ್ತುಲ ಡಿಸ್ಕ್ರೈಬ್ ಮಾಡಿದೆನೆಂದು ಹೇಳಿ ಅಳುತ್ತಿದ್ದೆನೇನೋ. ಇನ್ನೊಂದು ಸುತ್ತಿಗೆ ಉಲ್ಟಾ ದಿಕ್ಕಿನಲ್ಲಿ ಹೊರಟೆ. ಅದೇ ಒಳ್ಳೆಯದಾಯಿತು. ಗೋದಾಮಿನ ತಿರುವಿನಲ್ಲಿ ಅತ್ತೆ ಎದುರಿಗೇ ಬಂದರು. ಜೊತೆಯಲ್ಲಿ ಅವರದೇ ವಯಸ್ಸಿನ ಇನ್ನೊಬ್ಬ ಹೆಂಗಸು. ಇಬ್ಬರೂ ಅವಸರದಲ್ಲಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, “ಲಗೂ ಬಾ. ಯಾವಾಕಿನೋ ಮುದುಕಿ ಕಳದಾಳಂತ. ಮೈಕಿನಾಗ ಒದರಾಕತ್ತಾರ, ಕೇಳಿಲ್ಲೇನು? ಕಪ್ಪಗ, ಗಿಡ್ಡಕ, ಭಾಳ ಸಿಟ್ಟಿನಾಕಿ ಅಂತ. ನನ್ನ ಹೆಸರಿನಾಕೀನ ಅದಾಳ, ಪಾಪ ಅನಿಸ್ತು. ನಾವಿಬ್ಬರೂ ಆಗಲಿಂದ ಹುಡುಕಾಕತ್ತೇವಿ.”

ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. “ಅತ್ತಿ, ಅದು ನೀವ ರೀ” ಎಂದೆ.

ಜೊತೆಯ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಕ್ಕರಿಸಿದಳು. ಆಕೆ ಅತ್ತೆಯ ತವರೂರು ಅಗಡಿಯವಳು, ಅಂಗಳದ ಮೂಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕೂತಿದ್ದಳಂತೆ. ಬಾಲ್ಯದ ಗೆಳತಿಯನ್ನು ಕಂಡು ಅತ್ತೆ ಮಾತಿಗೆ ಹೋಗಿದ್ದರು. ನಿನಗೆ ಹೇಳಿಯೇ ಹೋದೆ, ನೀನು ಫೋನು ನೋಡುತ್ತಾ ‘ಹೂಂ’ ಅಂದಿ ಎಂಬುದು ಅವರ ವಾದ. ನಾನು ಅಲ್ಲಗಳೆಯುವ ಸ್ಥಿತಿಯಲ್ಲಿರಲಿಲ್ಲ.

ಅತ್ತೆ ನಗಲಿಲ್ಲ. “ಹಂಗ ಹೇಳಿದವರು ಯಾರು?” ಎಂದರು.

ಮೈಕಿನವರ ಮೇಲೆ ಹಾಕಿಬಿಡೋಣ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. “ನಾನ ರೀ” ಎಂದೆ.

ಅವರು ಸೆರಗು ಬಿಗಿದು ಸೀದಾ ಮೈಕಿನ ಕೋಣೆಗೆ ನಡೆದರು. ಹಿಂದೆ ನಾನು, ನನ್ನ ಹಿಂದೆ ನಗು ತಡೆಯಲಾರದ ಅಗಡಿಯ ಗೆಳತಿ.

“ಕಳದಾಕಿ ನಾನ ರೀ” ಎಂದರು ಅತ್ತೆ. ಆ ಹಿರಿಯರು ಎದ್ದು ನಿಂತು ಕುರ್ಚಿ ಕೊಟ್ಟರು. ಅತ್ತೆ ಕೂರಲಿಲ್ಲ. “ಸಿಕ್ಕಾಳ ಅಂತ ಒದರ್ರಿ. ಮತ್ತ ತಿದ್ದಿ ಒದರ್ರಿ. ನಾ ಕಪ್ಪು ಅಲ್ಲ, ಗೋದಿಬಣ್ಣ. ಸೀರಿ ಹಸರೂ ಅಲ್ಲ, ನೀಲೀನೂ ಅಲ್ಲ, ನೋಡ್ರಿ, ಉಳ್ಳಾಗಡ್ಡಿ ಬಣ್ಣದ್ದು. ಬೆನ್ನು ಮೆಣಸಿನಕಾಯಿ ಆರಿಸುವಾಗ ಬಾಗಿತ್ತು, ಈಗ ನೆಟ್ಟಗ ಐತಿ.”

ಆ ಪುಣ್ಯಾತ್ಮರು ತುಟಿಯಂಚಿನಲ್ಲೂ ನಗದೆ ಮೈಕು ಹಿಡಿದರು. “ಹಾವೇರಿಯ ತಾಯಿಯವರು ಸುರಕ್ಷಿತವಾಗಿ ಸಿಕ್ಕಿದ್ದಾರೆ. ಮೊದಲಿನ ಪ್ರಕಟಣೆಯಲ್ಲಿ ತಿದ್ದುಪಡಿ. ಬಣ್ಣ ಗೋಧಿ. ಸೀರೆ ಈರುಳ್ಳಿ ಬಣ್ಣ. ಬೆನ್ನು ನೇರ.” ಮೈಕಿಗೆ ಕೈ ಅಡ್ಡ ಹಿಡಿದು ಅತ್ತೆಯನ್ನು ಕೇಳಿದರು, “ಸ್ವಭಾವ ಏನಂತ ಹೇಳ್ಲಿ, ಅವ್ವಾರ?”

ಅತ್ತೆ ನನ್ನತ್ತ ಒಮ್ಮೆ ನೋಡಿ, “ಅದು ಹಂಗ ಇರ್ಲಿ” ಎಂದರು.

ಮೆಣಸಿನಕಾಯಿ ಕೊಂಡು ಹಾವೇರಿಯ ಬಸ್ಸು ಹತ್ತಿದೆವು. ಮೋಟೆಬೆನ್ನೂರು ದಾಟುವವರೆಗೂ ಅವರು ಮುಖವನ್ನು ಕಿಟಕಿಗೆ ತಿರುಗಿಸಿ ಕೂತಿದ್ದರು. ನಾನು ಮೊದಲ ಬಾರಿಗೆ ಆ ಸೀರೆಯನ್ನು ನೋಡಿದೆ. ಸಣ್ಣ ಅಂಚು, ಸೆರಗಿನಲ್ಲಿ ಮಾವಿನಕಾಯಿ ಚಿತ್ತಾರ. ಎಲ್ಲೋ ಕಂಡಂತಿದೆ ಅನ್ನಿಸಿತು.

“ಈ ಸೀರಿ ಯಾರು ತಂದದ್ದು ಗೊತ್ತೈತೇನು?” ಎಂದರು ಕಿಟಕಿಯತ್ತಲೇ ನೋಡುತ್ತಾ.

“ಯಾರ್ರಿ?”

“ನೀನ. ಹ್ವಾದ ದೀಪಾವಳಿಗೆ. ಇವತ್ತ ಮೊದಲ ಸಲ ಮಡಿಕಿ ಮುರದು ಉಟ್ಟೇನಿ. ಮುಂಜಾನಿಂದ ಏನರ ಅಂದೀ ಅಂತ ನೋಡಾಕತ್ತಿದ್ದೆ.”

ಕಪ್ಪು ಎಂದದ್ದಕ್ಕೆ, ಮುದುಕಿ ಎಂದದ್ದಕ್ಕೆ ಅವರಿಗೆ ಅಷ್ಟು ಬೇಸರವಿರಲಿಲ್ಲ. ಬೇಸರ ಇದಕ್ಕೆ. “ಭಾಳ ಚಲೋ ಒಪ್ಪೈತ್ರಿ” ಎಂದೆ. ಅದು ವರ್ಣನೆಯಲ್ಲ, ಸರ್ಟಿಫಿಕೇಟು. ಆದರೂ ಅವರು ತೆಗೆದುಕೊಂಡರು. ಸೆರಗನ್ನು ಸ್ವಲ್ಪ ನನ್ನ ಕಡೆ ಸರಿಸಿ ಮಾವಿನಕಾಯಿ ತೋರಿಸಿದರು.

ಮನೆಯಲ್ಲಿ ನನ್ನ ಗಂಡ ಈ ಕಥೆ ಕೇಳಿ ನಕ್ಕ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಅತ್ತೆ ನೆಂಟರಿಗೆಲ್ಲ ಫೋನು ಮಾಡಿ ಹೇಳಿದರು. ಹೇಳಿದಷ್ಟೂ ಅವರ ಸಿಟ್ಟು ಇಳಿದು, ನನ್ನ ಪೆದ್ದುತನ ಏರುತ್ತಾ ಹೋಯಿತು. ಕೊನೆಕೊನೆಗೆ ನಾನು ಅತ್ತೆಯ ಹೆಸರನ್ನೂ ತಪ್ಪು ಹೇಳಿದೆನೆಂದು ಸೇರಿತು.

ಮುಂದಿನ ಭಾನುವಾರ ಮಹಡಿಯ ಮೇಲೆ ಕಾಯಿ ಒಣಹಾಕಿ ಇಬ್ಬರೂ ತೊಟ್ಟು ಮುರಿಯುತ್ತಾ ಕೂತಿದ್ದೆವು. ಬಿಸಿಲು ಹಿತವಾಗಿತ್ತು. ಅವರ ಮನಸ್ಸು ತಿಳಿಯಾದದ್ದು ಕಂಡು ನಾನೇ ಕೇಳಿದೆ.

“ಅತ್ತಿ, ನಾ ಕಳದಿದ್ರ ನೀವು ಮೈಕಿನಾಗ ಏನಂತ ಹೇಳ್ತಿದ್ರಿ?”

ಅವರು ಯೋಚಿಸಲೇ ಇಲ್ಲ. “ಒಬ್ಬಾಕಿ ಟೀಚರು ಕಳದಾಳ. ವಯಸ್ಸು ಐವತ್ತು.”

“ನಲವತ್ತಾರು!” ಎಂದು ಕೂಗಿದೆ.

“ಮೈಯಾಗ ದಪ್ಪ. ಬೆಳ್ಳಗ ಅನ್ನಾಕ ಬರಂಗಿಲ್ಲ. ತಲಿ ತಗ್ಗಿಸಿ ಫೋನು ನೋಡಕೋತ ನಡೀತಾಳ.”

“ನಾನೇನು ದಪ್ಪ ಇಲ್ಲ ಬಿಡ್ರಿ. ಇಂಥದನ್ನ ಒದರಿದ್ರ ನಾ ಎದ್ದು ಬರ್ತಾನ ಇದ್ದಿಲ್ಲ.”

“ನೀ ಬರೂದು ಯಾಕ ಬೇಕು? ಮಾತಾಡಿದವರದ್ದೆಲ್ಲಾ ತಪ್ಪು ತಿದ್ದತಾಳ ಅಂತ ಕಡೀಕ ಒಂದು ಹೇಳ್ತಿದ್ದೆ. ಮಂದೀನ ಲಗೂ ಹುಡುಕಿ ತಂದು ಕೊಟ್ಟು ಹೋಗ್ತಿದ್ರು.”

ನಾನು ನಕ್ಕುಬಿಟ್ಟೆ. ನಗುವ ಭರದಲ್ಲಿ ಖಾರದ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಉರಿ ತಡೆಯಲಾರದೆ ಕಣ್ಣು ಮುಚ್ಚಿ ಕುಣಿಯತೊಡಗಿದಾಗ ಅತ್ತೆ ಬೈಯುತ್ತಲೇ ನನ್ನ ರಟ್ಟೆ ಹಿಡಿದು, ಮೆಟ್ಟಿಲು ಒಂದೊಂದನ್ನೇ ಹೇಳುತ್ತಾ, ಕೆಳಗಿನ ನಲ್ಲಿಯವರೆಗೆ ಇಳಿಸಿಕೊಂಡು ಹೋದರು.