ಉಮಾನಾಥರ ತೆಂಗಿನಕಾಯಿ ಪರೀಕ್ಷೆ

ಗುರುವಾರ ಬೆಳಗಿನ ಐದೂವರೆ. ಸ್ಯಾನ್ ರಮೋನಿನ ಒಂದು ಅಪಾರ್ಟ್‌ಮೆಂಟಿನ ಹಿಂದೆ, ಶೆಡ್ಡಿನ ಎದುರು, ಉಮಾನಾಥ ಮೊಣಕಾಲೂರಿ ಕುಳಿತು ನೆಲದಲ್ಲಿ ಗುಂಡಿ ತೋಡುತ್ತಿದ್ದಾರೆ. ಗ್ರೋಸರಿ ಅಂಗಡಿಯಿಂದ ತಂದ ತೆಂಗಿನಕಾಯಿಯನ್ನು ಅದರಲ್ಲಿ ಅರ್ಧ ಹೂತು, ಮೇಲೆ ಒದ್ದೆ ಮರದ ಚಕ್ಕೆ ರಾಶಿ ಹಾಕುತ್ತಾರೆ. ಪೂಜೆಗೆ ಎಂದುಕೊಂಡರೆ ಮೋಸಹೋದಿರಿ, ನಾನೂ ಹೋದೆ. ಹತ್ತು ಹೆಜ್ಜೆ ಆಚೆ ಮೂವತ್ತು ವರ್ಷ ಹಳೆಯ ಗಾರ್ಡನ್ ಟ್ರ್ಯಾಕ್ಟರ್ ನಿಂತಿದೆ. ಹುಲ್ಲು ಕತ್ತರಿಸಿಕೊಂಡಿದ್ದ ಅದರ ಮೂತಿಗೆ ಈಗ ಹಿಮ ತಳ್ಳುವ ಕಬ್ಬಿಣದ ಹಲಗೆ ಬಂದಿದೆ. ಅದೂ ಬಳಸಿದ್ದು, ಬೇರೆ ಕಂಪನಿಯದು.

ಈ ಊರಲ್ಲಿ ಹಿಮ ಬೀಳುವುದಿಲ್ಲ. ಬೀಳುವುದು ಮೂರೂವರೆ ಗಂಟೆ ದೂರದ ಸಿಯೆರಾ ಬೆಟ್ಟಗಳಲ್ಲಿ, ಇಂದು ಎಂಬಾಕೆ ಮತ್ತು ಅವರ ಗಂಡ ಸುಜಯ್ ಇರುವ ಕಡೆ. ಸುಜಯ್‌ಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಟ್ರ್ಯಾಕ್ಟರ್ ಒಯ್ಯಲು ಟ್ರೇಲರ್ ಎಳೆದುಕೊಂಡು ಬಂದಿರುವ ಇಂದು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ.

"ಕೌಂಟಿಯವ್ರು ಮೇನ್ ರೋಡು ಮಾತ್ರ ಕ್ಲಿಯರ್ ಮಾಡ್ತಾರೆ. ನಮ್ಮನೆಯಿಂದ ಅಲ್ಲಿವರೆಗಿನ ದಾರಿ ನಮ್ಮ ಹೆಡೇಕು. ಹೋದ ವಿಂಟರ್‌ನಲ್ಲಿ ಎರಡು ಸೆಷನ್ ಮಿಸ್ ಆಯ್ತು. ಎರಡನೇ ಸಲ ಇವ್ರಿಗೆ ಉಸಿರಾಡೋಕೇ ಆಗ್ಲಿಲ್ಲ. ಫೈರ್‌ನವ್ರು ಬಂದು ಎತ್ಕೊಂಡು ಹೋದ್ರು," ಎನ್ನುತ್ತಾರೆ ಇಂದು. ಬರುವ ಶನಿವಾರ ಬೆಳಗ್ಗೆ ಏಳಕ್ಕೆ ಮತ್ತೆ ಡಯಾಲಿಸಿಸ್. ಶುಕ್ರವಾರ ರಾತ್ರಿ ಎರಡು ಅಡಿ ಹಿಮ ಎಂದು ಫೋನು ಹೇಳುತ್ತಿದೆ.

ಬೆಟ್ಟದ ಅಂಗಡಿಯವರು ಇಂದು ಅವರ ಹಳೆಯ ಟ್ರ್ಯಾಕ್ಟರಿಗೆ ಈ ಹಲಗೆ ಕೂರದು ಎಂದು, ಹೊಸದನ್ನು ತೋರಿಸಿ ಕೈತೊಳೆದುಕೊಂಡರಂತೆ. ಉಮಾನಾಥ ಅಕ್ಕಿ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಟ್ರ್ಯಾಕ್ಟರಿನ ಹೊಟ್ಟೆಯಡಿ ಹಿಡಿದು, ತೂತುಗಳ ಅಚ್ಚು ತೆಗೆದರು. ರಟ್ಟಿನಂತೆಯೇ ಕಬ್ಬಿಣದ ಪಟ್ಟಿ ಕೊರೆದು ಟ್ರ್ಯಾಕ್ಟರ್, ಹಲಗೆ ಎರಡನ್ನೂ ಜೋಡಿಸಿದರು. ನಾಲ್ಕು ಬೆಳಗಿನ ಕೆಲಸ. "ಕೆಲವರು ಮುಂದಿನ ಆ್ಯಕ್ಸಲಿಗೇ ಬೋಲ್ಟ್ ಹೊಡೀತಾರೆ. ಒಂದೇ ಚಳಿಗಾಲ, ಆ್ಯಕ್ಸಲ್ ಎರಡು ತುಂಡು. ತಳ್ಳುವ ಭಾರ ಹಿಂದಿನ ಚಕ್ರಕ್ಕೆ ಹೋಗ್ಬೇಕು ಮಾರಾಯ್ರೆ."

ಉಮಾನಾಥರಿಗೆ ಅರವತ್ತೆರಡು. ಮಲ್ಪೆ ಬಂದರಿನಲ್ಲಿ ಇಪ್ಪತ್ತಾರು ವರ್ಷ ಮೀನು ಬೋಟುಗಳ ಇಂಜಿನ್ ಬಿಚ್ಚಿದವರು. ಇಲ್ಲಿ ನೆಲೆಸಿದ್ದ ತಂಗಿ ಹಾಕಿದ ವೀಸಾ ಅರ್ಜಿಯ ಮೇಲೆ ಈ ದೇಶಕ್ಕೆ ಬಂದಾಗ ಯಾವ ಸರ್ಟಿಫಿಕೇಟೂ ಇರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಮೂರು ವರ್ಷ ಹೋಟೆಲಿನಲ್ಲಿ ಪಾತ್ರೆ ತೊಳೆದು ಬೆನ್ನು ಹೋಯಿತು. ಈಗ ಇದೇ ಅಪಾರ್ಟ್‌ಮೆಂಟಿನ ನೂರ ನಲವತ್ತು ಮನೆಗಳ ನಲ್ಲಿ, ಬೀಗ, ಹೀಟರ್ ರಿಪೇರಿ ಅವರ ಪಾಲಿಗೆ. ಎಂಟಕ್ಕೆ ಡ್ಯೂಟಿ. ಅದಕ್ಕೂ ಮುಂಚಿನ ಎರಡೂವರೆ ಗಂಟೆ, ಮ್ಯಾನೇಜರ್ ಕಣ್ಣುಮುಚ್ಚಿ ಬಿಟ್ಟುಕೊಟ್ಟ ಈ ಶೆಡ್ಡು. ಆರು ಚಳಿಗಾಲದಲ್ಲಿ ಇಪ್ಪತ್ತಮೂರು ಟ್ರ್ಯಾಕ್ಟರು ಇಲ್ಲಿಂದ ಬೆಟ್ಟ ಹತ್ತಿವೆ.

ತೆಂಗಿನಕಾಯಿ ಏಕೆ ಎಂದರೆ ಕೈ ಒರೆಸಿಕೊಳ್ಳುತ್ತಾರೆ. ಹಲಗೆಯ ಹಿಂದೆ ಎರಡು ಸ್ಪ್ರಿಂಗ್ ಇವೆ. ಹಿಮದಡಿ ಕಲ್ಲು ತಾಗಿದರೆ ಹಲಗೆ ಬಾಗಿ ದಾಟಿಕೊಳ್ಳಬೇಕು. ಸ್ಪ್ರಿಂಗ್ ತೀರಾ ಬಿಗಿಯಾಗಿದ್ದರೆ ಬಾಗುವುದಿಲ್ಲ. ಟ್ರ್ಯಾಕ್ಟರ್ ತಟ್ಟನೆ ನಿಂತು ಕುಳಿತವರ ಎದೆ ಸ್ಟೀರಿಂಗಿಗೆ ಬಡಿಯುತ್ತದೆ. "ಮೊದಲನೇ ಗಿರಾಕಿ ವಾಸುದೇವ ಅಂತ. ನಾನು ಸ್ಪ್ರಿಂಗ್ ನೋಡ್ಲೇ ಇಲ್ಲ. ಅವ್ರದ್ದು ಎರಡು ಪಕ್ಕೆಲುಬು ಹೋಯ್ತು. ತಪ್ಪು ನಂದೇ. ಆದ್ರೂ ಮಾರನೇ ವರ್ಷ ಅದನ್ನೇ ತಂದು, ನೀವೇ ಸರಿ ಮಾಡಿ ಅಂದ್ರು. ಅವ್ರು ಬರದಿದ್ರೆ ನಾನು ಈ ಕೆಲಸ ಬಿಡ್ತಿದ್ದೆ." ಆ ಋಣವನ್ನು ಅವರು ಇನ್ನೂ ಮರೆತಿಲ್ಲ. ಅಂದಿನಿಂದ ಹಿಮದ ಬದಲು ಚಕ್ಕೆ, ಕಲ್ಲಿನ ಬದಲು ಕಾಯಿ; ಕಾಯಿ ಒಡೆಯುವ ಟ್ರ್ಯಾಕ್ಟರ್ ಶೆಡ್ ಬಿಡುವುದಿಲ್ಲ.

ಉಮಾನಾಥ ಏರಿದ ಟ್ರ್ಯಾಕ್ಟರ್ ಗುಡುಗುತ್ತಾ ರಾಶಿಗೆ ನುಗ್ಗುತ್ತದೆ. ಟಪ್. ನೀರು ಚಿಮ್ಮುತ್ತದೆ. ಇಂದು ಅವರ ಮುಖ ಬಿಳಿಚಿಕೊಳ್ಳುತ್ತದೆ. ಉಮಾನಾಥ ಇಳಿದು ಸ್ಪ್ರಿಂಗಿನ ನಟ್ಟು ಎರಡು ಸುತ್ತು ಸಡಿಲಿಸಿ ಇನ್ನೊಂದು ಕಾಯಿ ಹೂಳುತ್ತಾರೆ. ಅದೂ ಒಡೆಯುತ್ತದೆ. ಗಂಟೆ ಏಳೂಕಾಲು. ಸ್ಪ್ರಿಂಗ್ ಪೂರಾ ಬಿಚ್ಚಿ ನೋಡಿದರೆ ಒಳಗಿನ ಪಿನ್ನಿಗೆ ತುಕ್ಕು. ಉಜ್ಜಿ, ಗ್ರೀಸು ಹಚ್ಚಿ, ಮತ್ತೆ ಕೂರಿಸುತ್ತಾರೆ. ಮೂರನೇ ಸಲ ಚಕ್ಕೆ ರಾಶಿ ಸರಿಯುತ್ತದೆ, ಹಲಗೆ ಒಮ್ಮೆ ತಲೆಬಾಗಿ ಎದ್ದು ನಿಲ್ಲುತ್ತದೆ. ಮಣ್ಣಿನಲ್ಲಿ ಕಾಯಿ ಇಡಿಯಾಗಿ ಕುಳಿತಿದೆ. ಎಂಟಕ್ಕೆ ಆರು ನಿಮಿಷ. ಒಡೆಯದ ಕಾಯಿ ಟ್ರ್ಯಾಕ್ಟರ್ ಒಯ್ಯುವವರಿಗೆ ಎನ್ನುವುದು ಇಲ್ಲಿನ ಪದ್ಧತಿ.

"ಇವ್ರಿಗೆ ಕೊಬ್ರಿ ತಿನ್ನಬೇಡಿ ಅಂದಿದ್ದಾರೆ ಡಾಕ್ಟ್ರು," ಎನ್ನುತ್ತಾ ಇಂದು ಅದನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾರೆ. "ಬಾಗಿಲ ಹತ್ರ ಇಟ್ಕೋತೀವಿ." ಕಣ್ಣು ತುಂಬಿ ಬಂದಿದ್ದಕ್ಕೆ ಅವರು ಚಳಿಯನ್ನು ದೂರುತ್ತಾರೆ.

ಶನಿವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಉಮಾನಾಥರ ಫೋನು ಬಡಿದುಕೊಳ್ಳುತ್ತದೆ, ಇಂದು ಅವರ ಕರೆ. ನಾನು ಎದುರಿಗೇ ಇದ್ದೇನೆ. ಅವರು ಕೇಳುವುದು ಎರಡೇ ಪ್ರಶ್ನೆ: ಪೆಟ್ಟಾಗಲಿಲ್ಲ ತಾನೇ, ಹೊತ್ತಿಗೆ ಮುಟ್ಟಿದಿರಾ. ಆಮೇಲೆ ಫೋನು ಜೇಬಿಗಿಟ್ಟು, ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

"ಬೇಗ ಮುಟ್ಟಿದ್ರಂತೆ. ಇನ್ನೂ ಒಳಗೆ ಕರೀಲಿಲ್ಲ, ಇಬ್ರೂ ಸುಮ್ನೆ ಕೂತಿದ್ದಾರಂತೆ," ಎನ್ನುತ್ತಾರೆ. "ಆ ಹತ್ತು ನಿಮಿಷ ಉಂಟಲ್ಲ, ಅದು ನಂದು."