ಒಂದೇ ಬೋಗುಣಿಯ ರವಿವಾರ

ಸೋಯಾ ನೆನೆಯದೆ ರಬ್ಬರಿನಂತೆ ಉಳಿಯಬಹುದಿತ್ತು. ಇಲ್ಲವೇ ಬೆಂದು ಬೆಂದು ಅಂಬಲಿಯಾಗಬಹುದಿತ್ತು. ಮಸಾಲೆಗೆ ಒಣಕೊಬ್ಬರಿ ಸುಡುವಾಗ ಹೊಗೆ ಎದ್ದು ಬಾಜೂ ಮನೆಯವರು ಬಾಗಿಲು ಬಡಿಯಬಹುದಿತ್ತು. ಅರ್ಧಕ್ಕೇ ಸಿಲಿಂಡರ್ ಮುಗಿಯಬಹುದಿತ್ತು. ನುಗ್ಗೆಕಾಯಿ ಬಲಿತು ಬರೀ ನಾರಾಗಿರಬಹುದಿತ್ತು. ರೊಟ್ಟಿ ಮಾಡಿಕೊಡುವಾಕೆ ಅವತ್ತೇ ಬೀಗರ ಊರಿಗೆ ಹೋಗಿರಬಹುದಿತ್ತು. ಊಟಕ್ಕೆ ಕರೆದ ಸಿದ್ರಾಮ ಬರದೆ ಇರಬಹುದಿತ್ತು, ರಾಜೇಸಾಬ ಬರದೆ ಇರಬಹುದಿತ್ತು, ಅಥವಾ ಇಬ್ಬರೂ ಬಂದು, ನನಗೆ ಮಾತು ತೋಚದೆ, ನಮ್ಮ ಶಾಲೆಯ ಹಾಜರಿ ಪುಸ್ತಕದ ವಿಷಯ ತೆಗೆಯಬೇಕಾಗಿ ಬರಬಹುದಿತ್ತು. ಅಡುಗೆ ಅಂದರೆ ಚಹಾ ಮತ್ತು ಒಗ್ಗರಣೆ ಅವಲಕ್ಕಿ ಎಂದೇ ಐವತ್ತು ದಾಟಿಸಿದ ಮನುಷ್ಯ ತೀರಿಹೋದವರ ಕೈರುಚಿ ತರಲು ಹೊರಟಿದ್ದಾನೆಂದು ಓಣಿಯವರೆಲ್ಲ ನಗಬಹುದಿತ್ತು.

ಇಷ್ಟನ್ನೂ ಶನಿವಾರ ಸಂಜೆಯೇ ಚಿಂತಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಕೆಲಸವನ್ನು ನಾಳೆಗೆ ಉಳಿಸುವವನಲ್ಲ. ಅದಕ್ಕೇ ಭೀಮಪ್ಪ ಕಾಕಾ ನನಗೆ ‘ಕಾಳಜಿ ಸಾಹೇಬ’ ಎಂದು ಹೆಸರಿಟ್ಟಿದ್ದರು. ಆ ರವಿವಾರದ ಊಟ ಅಸಲಿಗೆ ಅವರದು. ಅವರಿಲ್ಲದ್ದರಿಂದ ನಾನು ಮಾಡಬೇಕಾಯಿತು.

ಘಟಪ್ರಭಾದಲ್ಲಿ ರೈಲು ಹಳಿಯ ಮಗ್ಗುಲಿನ ನಮ್ಮ ಸಾಲುಮನೆಗಳಲ್ಲಿ ಕೊನೆಯದು ಕಾಕಾರದು. ಹುಟ್ಟೂರು ಕುಲಗೋಡ. ರೈಲ್ವೆಯಲ್ಲಿ ಗೇಟ್‌ಮನ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆಯುಷ್ಯವೆಲ್ಲ ಗೇಟಿನ ಬಳಿ ಕೂಗಿ ಕೂಗಿ ಮೈಯಂತೆ ದನಿಯೂ ದಪ್ಪಗಾಗಿತ್ತು. ಆದರೆ ರೈಲು ಹಾಯುವಾಗ ಮಾತ್ರ ಅವರು ಮಾತಾಡುತ್ತಿರಲಿಲ್ಲ. ಎಂಥ ರಸವತ್ತಾದ ಸುದ್ದಿಯಿದ್ದರೂ ಸರಿ, ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಕೊನೆಯ ಡಬ್ಬಿ ದಾಟಿದ ಮೇಲೆ, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಶುರು.

“ನಮ್ಮ ಸಾಹೇಬ ನನ್ನ ನೋಡಿ ಏನಂದಾ ಗೊತ್ತೈತೇನ? ಭೀಮಪ್ಪಾ, ನೀ ರಸ್ತೇಕ ಅಡ್ಡ ನಿಂತ್ರ...” ಗೂಡ್ಸ್ ಗಾಡಿ ಉದ್ದಕ್ಕೆ ಹೋಗುತ್ತದೆ. ನಾವೆಲ್ಲ ಬಾಯಿ ತೆರೆದು ಕಾಯುತ್ತೇವೆ. “...ಗೇಟ್ ಹಾಕೂದ ಬ್ಯಾಡ ಅಂತ!”

ನಾನು ಹುಕ್ಕೇರಿ ಕಡೆಯವನು, ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಮದುವೆಯಾಗಿಲ್ಲ; ಆದಲ್ಲಿ ಏನೇನು ತೊಂದರೆಯಾಗಬಹುದು ಎಂದು ಯೋಚಿಸುತ್ತಿರುವಾಗಲೇ ವಯಸ್ಸು ಕಳೆಯಿತು. ಮೋಟಾರ್‌ಸೈಕಲ್ ರಿಪೇರಿಯ ಸಿದ್ರಾಮನ ಸಂಸಾರ ಮೇಲವಂಕಿಯಲ್ಲಿ. ದರ್ಜಿ ರಾಜೇಸಾಬನ ಮನೆ ಮೂಡಲಗಿಯಲ್ಲಿ. ಅವನು ಮಲಗುವುದು ಇಲ್ಲಿಯ ತನ್ನ ಅಂಗಡಿಯಲ್ಲೇ, ಮನೆಗೆ ಹೋಗುವುದು ಸೋಮವಾರ ರಜೆಯ ದಿನ. ಹೀಗೆ ರವಿವಾರ ಮಧ್ಯಾಹ್ನ ಎಲ್ಲಿ ಹೋಗಬೇಕೆಂದು ತಿಳಿಯದ ನಮ್ಮ ಮೂವರನ್ನು ಕಾಕಾ ಒಂದು ಕಡೆ ಕಟ್ಟಿಹಾಕಿದ್ದರು. ಶನಿವಾರ ಸಂಜೆ ಫೋನು ಬರುತ್ತಿತ್ತು. ಒಂದೇ ವಾಕ್ಯ, ಜಗತ್ತಿಗೆ ತಾವೇ ಮೊದಲು ಹೇಳುತ್ತಿರುವ ಸುದ್ದಿಯಂತೆ: “ನಾಳೆ ರವಿವಾರ ಐತಿ.”

ರವಿವಾರ ಅಂದರೆ ಮಟನ್. ತರುವವರು, ಬೇಯಿಸುವವರು, ಬಡಿಸುವವರು ಎಲ್ಲ ಕಾಕಾನೇ. ರಾಜೇಸಾಬ ಹೇಳಿದ ಅಂಗಡಿಯಿಂದಲೇ ತರುತ್ತಿದ್ದರು. ಅವನು ಊಟಕ್ಕೆ ಕೂತು ಕೊಯ್ದವರು ಯಾರು ಎಂದು ಕೇಳುವ ಪ್ರಸಂಗ ಬರಬಾರದು. ಅಡುಗೆ ಮಾಡಿದವರು ಮೊದಲೇ ರುಚಿ ನೋಡಬಾರದು, ಎಲ್ಲರ ಊಟವಾದ ಮೇಲೆ ಉಣ್ಣಬೇಕು ಎಂಬುದು ಅವರ ತಾಯಿ ಕಲಿಸಿದ ರೀತಿಯಂತೆ. ಹಾಗಾಗಿ ಬೋಗುಣಿ ಇಳಿಸುವ ಮುಂಚೆ ಕೂಗು ಬರುತ್ತಿತ್ತು.

“ಕಾಳಜಿ ಸಾಹೇಬ್ರ, ಉಪ್ಪ ನೋಡ ಬರ್ರಿ.”

ನಾನು ಅಂಗೈಗೆ ಸಾರು ಹಾಕಿಸಿಕೊಂಡು, ನೆಕ್ಕಿ, ಬಿ.ಪಿ.ಯ ಹೆದರಿಕೆಯಲ್ಲಿ ಪ್ರತಿ ಸಲವೂ “ಸಾಕ್ರಿ” ಎನ್ನುತ್ತಿದ್ದೆ. ಅವರು “ಸಾಕಾ?” ಎಂದು ಕೇಳುತ್ತ ಇನ್ನೊಂದು ಚಿಟಿಕೆ ಹಾಕಿಬಿಡುತ್ತಿದ್ದರು.

ನಮ್ಮದಾದ ಮೇಲೆ ಅವರು ತಾಟು ಹಚ್ಚಿಕೊಂಡು ಕೂಡುವರು. ಅವರು ಎದ್ದೇಳುವ ತನಕ ಯಾರೂ ಕೈ ತೊಳೆಯಕೂಡದು. ಎಂಜಲ ಕೈ ಒಣಗಿ ಬಿರುಸಾಗುತ್ತಿದ್ದಂತೆ ಮಾತು ಏರುತ್ತಿತ್ತು. ಕಾಕಾ ನಲ್ಲಿ ಎಲುಬನ್ನು ತಾಟಿನ ಅಂಚಿಗೆ ಟಕ್ ಟಕ್ ಬಡಿದು ಒಳಗಿನ ಮಜ್ಜೆ ಇಳಿಸುತ್ತಿದ್ದರು. ಆ ಸದ್ದಿಗೇ ಓಣಿಯ ನಾಯಿ ಬಾಗಿಲಿಗೆ ಬಂದು ಕೂಡುತ್ತಿತ್ತು. ವಾರವೆಲ್ಲ ನನ್ನ ಮನೆಯಲ್ಲಿ ನನ್ನ ದನಿ ನಾನೇ ಕೇಳಿರುತ್ತಿರಲಿಲ್ಲ. ಆ ಒಂದು ತಾಸಿನಲ್ಲಿ ವಾರದ ಮಾತೆಲ್ಲ ತೀರುತ್ತಿತ್ತು.

ಆಮೇಲೆ ಕಾಕಾರಿಗೆ ಎದೆನೋವು ಬಂತು. ಬೆಳಗಾವಿಗೆ ಒಯ್ದು ಸ್ಟೆಂಟ್ ಹಾಕಿಸಿದೆವು. ಡಾಕ್ಟರು, “ಮಟನ್ ಬಂದ್ ಮಾಡ್ರಿ. ಕಾಳು, ಬ್ಯಾಳಿ, ಸೋಯಾ ತಿನ್ರಿ. ಶಕ್ತಿ ಅದರಾಗೂ ಐತಿ” ಎಂದರು. ವಾಪಸು ಬರುವಾಗ ಕಾರಿನಲ್ಲಿ ನಾನು ಕಾಕಾರ ಹೃದಯ, ಕಾರಿನ ಬ್ರೇಕು, ನನ್ನದೇ ಎಡತೋಳಿನ ನೋವು ಎಲ್ಲವನ್ನೂ ಚಿಂತಿಸುತ್ತ ಕೂತಿದ್ದೆ. ಮನೆ ಕಾಣಿಸಿದಾಗ ಅವರು ಹೇಳಿದರು: “ಮಟನ್ ಹೋದ್ರ ಹೋಗ್ಲಿ. ರವಿವಾರ ಹೋಗಬಾರ್ದರಿ.”

ಮೊದಲ ರವಿವಾರ ಸಿದ್ರಾಮ ನಮಗೆ ಮಟನ್ ಮಾಡಿದ, ಕಾಕಾರಿಗೆ ಬೇರೆ ಬೇಳೆ ಸಾರು. ಕಾಕಾ ಬೇಳೆಯ ತಾಟು ಹಿಡಿದುಕೊಂಡು ಹೋಗಿ ಹೊಸ್ತಿಲ ಮೇಲೆ ಕೂತರು. ನಾವು ಎಲುಬು ಬಡಿಯಲಿಲ್ಲ. ಎರಡು ರೊಟ್ಟಿಗೇ ಎದ್ದೆವು.

“ಇನ್ನ ಮ್ಯಾಲ ಒಂದ ಬೋಗುಣಿ,” ಎಂದರು ಕಾಕಾ. “ಎರಡ ಬೋಗುಣಿ ಆದ್ರ ಎರಡ ಮನಿ ಆಕ್ಕಾವು.”

ಸಿದ್ರಾಮ ಗೋಡೆಯ ಮೇಲಿನ ಬುದ್ಧನ ಪಟ ನೋಡಿ ಕೇಳಿದ: “ಹಂಗಾರ ನಾವೂ ಬಿಡಬೇಕೇನ್ರಿ ಕಾಕಾ? ಅಂವ ಹೇಳಿದ್ನೇನು?”

“ಅಂವ ಏನೂ ಅಂದಿಲ್ಲಲೇ. ಡಾಕ್ಟರ್ ಅಂದಾನ.”

ಇಲ್ಲಿ ನನ್ನ ಬುದ್ಧಿವಂತಿಕೆಯ ಕತೆಯೊಂದಿದೆ. ಹುಕ್ಕೇರಿಯ ನಮ್ಮ ಹೊಲದಲ್ಲಿ ನನ್ನ ತಮ್ಮ ಮಳೆಗಾಲಕ್ಕೆ ಬೆಳೆಯುವುದೇ ಸೋಯಾಬೀನ್. ನಮ್ಮ ಕಡೆ ಅದನ್ನು ಬಿತ್ತುತ್ತಾರೆ, ರಾಶಿ ಮಾಡುತ್ತಾರೆ, ಮಾರುತ್ತಾರೆ. ಒಂದು ಕಾಳನ್ನೂ ಬಾಯಿಗಿಡುವುದಿಲ್ಲ. ಡಾಕ್ಟರ್ ಹೇಳಿದ್ದೂ ಸೋಯಾ, ನಮ್ಮದೂ ಸೋಯಾ, ಅಂದಮೇಲೆ ಪ್ಯಾಕೆಟ್ಟು ಯಾಕೆ? ಒಂದು ಚೀಲ ತಂದು ಕೊಟ್ಟೆ. ಕಾಕಾ ಹೆಸರುಕಾಳಿನ ಹಾಗೆ ತೊಳೆದು, ನೆನೆಸದೆ, ಮಟನ್ ಮಸಾಲೆ ಹಾಕಿ ಕುಕ್ಕರಿಗೇರಿಸಿದರು. ಕುಕ್ಕರ್ ನೊರೆ ಕಕ್ಕಿತು. ಮನೆಯೆಲ್ಲ ಹಸಿ ಹಿಂಡಿಯ ವಾಸನೆ. ಕಾಳು ಹಲ್ಲಿಗೆ ಕಟಕಟ ಸಿಗುತ್ತಿತ್ತು. ಆದರೂ ಕಾಕಾರ ಮುಖ ನೋಡಿ ಎಲ್ಲರೂ ಉಂಡೆವು. ಮರುದಿನ ಸಿದ್ರಾಮನ ಫೋನು.

“ಕಾಳಜಿ ಸಾಹೇಬ್ರ, ಒಂದ ಗೂಡ್ಸ್ ಗಾಡಿ ನನ್ನ ಹೊಟ್ಟ್ಯಾಗ ಶಂಟಿಂಗ್ ನಡಿಸೇತ್ರಿ. ನಿಮ್ಮ ತಮ್ಮಗ ಹೇಳ್ರಿ, ಮುಂದಿನ ವರ್ಷ ಕಬ್ಬ ಹಚ್ಚಾಕ.”

ಕಾಕಾ ಸೋಲಲಿಲ್ಲ. ಪ್ಯಾಕೆಟ್ಟಿನ ಸೋಯಾ ಉಂಡೆ ತಂದರು. ಬಿಸಿನೀರಿಗೆ ಹಾಕಿ, ಉಬ್ಬಿದ ಮೇಲೆ ಹಿಂಡಿ, ಮತ್ತೆ ನೀರಿಗೆ ಹಾಕಿ, ಮತ್ತೆ ಹಿಂಡಿ. ಬಟ್ಟೆ ಒಗೆದ ಹಾಗೆ ಅವರ ತೋಳಿನ ನರ ಉಬ್ಬುತ್ತಿತ್ತು. “ಇದಕ್ಕ ತನ್ನದು ಅಂತ ಏನೂ ರುಚಿ ಇಲ್ಲರಿ. ಒಳಗಿನ ನೀರ ಪೂರಾ ಹಿಂಡಿ ತಗೀಬೇಕು. ಅಂದ್ರ ಮಸಾಲಿಗಿ ಜಾಗಾ ಸಿಗತೈತಿ,” ಎನ್ನುತ್ತಿದ್ದರು. ಸುಟ್ಟ ಉಳ್ಳಾಗಡ್ಡಿ, ಕೊಬ್ಬರಿ, ಬೆಳ್ಳುಳ್ಳಿ, ಮಸಾಲೆ ಖಾರ ಎಲ್ಲ ಹಳೆಯದೇ. ನಿಜ ಹೇಳಬೇಕೆಂದರೆ ಸಾರು ಚೆನ್ನಾಗಿತ್ತು.

“ಆದ್ರ ಎಲುಬ ಇಲ್ಲಲ್ರಿ,” ಎಂದ ಸಿದ್ರಾಮ. “ಬಾಯಿಗಿ ಕೆಲಸ ಇಲ್ಲ.”

ಮುಂದಿನ ವಾರ ಬೋಗುಣಿಯಲ್ಲಿ ಬೆರಳುದ್ದದ ನುಗ್ಗೆಕಾಯಿ ತುಂಡುಗಳಿದ್ದವು. “ತಗೋಲೇ ಎಲುಬು. ಚೀಪು!” ಚೀಪಿದೆವು. ತಾಟಿನ ಬದಿಗೆ ಸಿಪ್ಪೆಯ ಗುಡ್ಡೆ ಬಿದ್ದಾಗ ಕಾಕಾರಿಗೆ ಸಮಾಧಾನ. ನಾಯಿಗೆ ಮಾತ್ರ ಆಗಲಿಲ್ಲ. ಒಂದು ಸಿಪ್ಪೆಯನ್ನು ಮೂಸಿ, ಕಾಕಾರ ಮುಖವನ್ನೊಮ್ಮೆ ನೋಡಿ, ಎದ್ದು ಹೋಯಿತು. ಮತ್ತೆ ಬರಲಿಲ್ಲ.

ಡಾಕ್ಟರು ಉಪ್ಪನ್ನೂ ಇಳಿಸಿದ್ದರಿಂದ ಕಾಕಾ ಆ ಮೇಲಿನ ಚಿಟಿಕೆ ಬಿಟ್ಟರು; ನನ್ನ ‘ಸಾಕು’ ಅಂದರೆ ಸಾಕು. ರಾಜೇಸಾಬ ತಾಟು ಬಡಿಯುತ್ತಿದ್ದ: “ಕಾಕಾ, ಉಪ್ಪಿನ ಮ್ಯಾಲೂ ಜಿಎಸ್‌ಟಿ ಬಿತ್ತೇನ್ರಿ?”

“ನನ್ನ ಬೈಬ್ಯಾಡ. ಸಾಕಂದವರು ಅಲ್ಲಿ ಕುಂತಾರ ನೋಡು.”

ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು. ಸೊಗಸಾಗಿ ಬೈಯುತ್ತಿದ್ದರು.

ಆದರೆ ವಾರದಲ್ಲಿ ಒಂದೇ ದಿನ ಬಾಯಿ ತುಂಬ ಉಣ್ಣುವ ಗಂಡಸರು ಎಷ್ಟು ದಿನ ನುಗ್ಗೆಕಾಯಿ ಚೀಪಿಯಾರು? ರಾಜೇಸಾಬನಿಗೆ ಮದುವೆ ಸೀಸನ್ ಬಂತು. ಸೀಸನ್ ಮುಗಿದರೂ ಅವನ ಮಷೀನು ರವಿವಾರ ನಿಲ್ಲಲಿಲ್ಲ. ಸಿದ್ರಾಮನಿಗೆ ಗೋಕಾಕದಲ್ಲಿ ರವಿವಾರವೇ ಗಾಡಿಗಳು ಕೆಡತೊಡಗಿದವು. ಒಂದು ರವಿವಾರ ಕಾಕಾ ಮತ್ತು ನಾನು ನುಗ್ಗೆಕಾಯಿ ತರಲು ಸ್ಟೇಷನ್ ರಸ್ತೆಗೆ ಹೋದಾಗ, ಗೋಕಾಕದಲ್ಲಿರಬೇಕಾದ ಸಿದ್ರಾಮ ಮಟನ್ ಖಾನಾವಳಿಯಿಂದ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಹೊರಬಂದ. ನಮ್ಮನ್ನು ನೋಡಿ ಕಡ್ಡಿಯನ್ನು ಜೇಬಿಗಿಟ್ಟುಕೊಂಡ.

ಜಗಳವಾಗಬಹುದು, ಕಾಕಾರ ಎದೆಗೆ ಏನಾದರೂ ಆಗಬಹುದು ಎಂದು ನಾನು ಆಗಲೇ ಆಟೋ ಹುಡುಕತೊಡಗಿದ್ದೆ. ಕಾಕಾ ಮಾತ್ರ ಅವನ ಹೆಗಲ ಮೇಲೆ ಕೈಯಿಟ್ಟು, ನಾನು ಎಂದೂ ಕೇಳಿರದಷ್ಟು ಮೆಲ್ಲಗೆ ಅಂದರು: “ತಪ್ಪಿಲ್ಲ ತಮ್ಮಾ. ಇಲ್ಲೇ ಉಣ್ಣು. ಉಂಡ ಮ್ಯಾಲ ಮನಿಗಿ ಬಾ. ಕೈ ಒಣಗೂತನಕ ಕುಂತ ಹೋಗು, ಸಾಕು.”

“ಹೂನ್ರಿ ಕಾಕಾ,” ಎಂದ ಸಿದ್ರಾಮ. ಬರಲಿಲ್ಲ. ನಾಚಿಕೊಂಡನೆಂದು ತೋರುತ್ತದೆ. ಕಾಕಾ ಬೈದಿದ್ದರೆ ಬರುತ್ತಿದ್ದ.

ಆಮೇಲೆ ಉಳಿದದ್ದು ನಾವಿಬ್ಬರೇ. ಶನಿವಾರದ ಫೋನು ಮೂವರಿಗೂ ಹೋಗುತ್ತಲೇ ಇತ್ತು. ಬೋಗುಣಿಯೂ ಅದೇ ದೊಡ್ಡದು. “ಸಣ್ಣದರಾಗ ಮಾಡ್ರಲಾ ಕಾಕಾ,” ಎಂದೆ ಒಮ್ಮೆ. “ಸಣ್ಣದರಾಗ ಮಾಡಿ ಕುಂತಾಗ ಅವರು ಬಂದ್ರ?” ಎಂದರು. ನಾನು ಮಂಗಳವಾರದ ತನಕ ಡಬ್ಬಿಯಲ್ಲಿ ಸೋಯಾ ಒಯ್ದು ಶಾಲೆಯಲ್ಲಿ ಉಣ್ಣುತ್ತಿದ್ದೆ. ಒಂದು ವಾರ ಮಡಕಿ ಕಾಳು, ಒಂದು ವಾರ ಹುರುಳಿ, ಏನಾದರೊಂದು ಹೊಸದು ಹೂಡುತ್ತಿದ್ದರು. ಪ್ರತಿ ಸಲವೂ “ಇದು ಸಿದ್ರಾಮಗ ಸೇರತೈತಿ ನೋಡ್ರಿ” ಎನ್ನುತ್ತಿದ್ದರು.

ಕೊನೆಯ ರವಿವಾರ ನನ್ನ ಕೈ ಒಣಗುತ್ತಿತ್ತು, ಅವರು ಉಣ್ಣುತ್ತಿದ್ದರು. ತಟ್ಟನೆ ಅಂದರು: “ಸಾಹೇಬ್ರ, ಒಂದ ಮಾತ ನೆನಪಿಡ್ರಿ. ನಾಳೆ ನಾ ಇಲ್ಲದಾಗ...” ರೈಲು ಬಂತು. ರೊಟ್ಟಿಯ ತುಂಡು ಹಿಡಿದ ಕೈ ಹಾಗೇ ನಿಂತಿತು. ಆ ಗಾಡಿ ಹಾಯುವಷ್ಟರಲ್ಲಿ ನಾನು ಕೇಳಬಾರದ್ದನ್ನೆಲ್ಲ ಮನಸ್ಸಿನಲ್ಲೇ ಕೇಳಿಸಿಕೊಂಡುಬಿಟ್ಟಿದ್ದೆ.

“...ಸೋಯಾ ಎರಡ ಸಲ ಹಿಂಡೂದು ಮರೀಬ್ಯಾಡ್ರಿ,” ಎಂದು ತುತ್ತು ಬಾಯಿಗಿಟ್ಟುಕೊಂಡರು.

ಆ ವಾರದ ನಡುವೆ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಕುಲಗೋಡದಲ್ಲಿ ಮಣ್ಣು ಮಾಡಿದೆವು. ಸಿದ್ರಾಮ, ರಾಜೇಸಾಬ ಇಬ್ಬರೂ ಬಂದಿದ್ದರು. ಒಂದೇ ಬಸ್ಸಿನಲ್ಲಿ ವಾಪಸು ಬಂದೆವು, ಬೇರೆ ಬೇರೆ ಸೀಟಿನಲ್ಲಿ.

ಮುಂದಿನ ಶನಿವಾರಗಳಲ್ಲಿ ಫೋನು ಸುಮ್ಮನಿತ್ತು. ರವಿವಾರ ಮಧ್ಯಾಹ್ನ ನಾನು ಅವಲಕ್ಕಿ ತಿಂದು, ಕೈ ತೊಳೆದು ಮಲಗುತ್ತಿದ್ದೆ. ಕೊನೆಗೆ ಒಂದು ಶನಿವಾರ, ತಪ್ಪು ನಂಬರಿಗೆ ಹೋಗಬಹುದೆಂದು ಹೆದರಿಕೊಂಡೇ ಇಬ್ಬರಿಗೂ ಹಚ್ಚಿ ಹೇಳಿದೆ: “ನಾಳೆ ರವಿವಾರ ಐತಿ.”

“ಬರ್ತೇನ್ರಿ ಸರ,” ಎಂದ ಸಿದ್ರಾಮ. ಅವನು ನನ್ನನ್ನು ಎಂದೂ ‘ಸರ’ ಎಂದವನಲ್ಲ.

ಸೋಯಾ ನೆನೆದಿತ್ತು. ಅಂಗೈ ಕೆಂಪಾಗುವಂತೆ ಎರಡು ಸಲ ಹಿಂಡಿದೆ. ಕೊಬ್ಬರಿ ಹದವಾಗಿ ಸುಟ್ಟಿತು, ಸಿಲಿಂಡರ್ ಮುಗಿಯಲಿಲ್ಲ, ನುಗ್ಗೆಕಾಯಿ ಎಳೆಯದಿತ್ತು, ರೊಟ್ಟಿಯಾಕೆ ಊರಲ್ಲೇ ಇದ್ದಳು. ಇಬ್ಬರೂ ನನ್ನ ಮನೆಗೆ ಬಂದರು. ರಾಜೇಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಸಿದ್ರಾಮ ಬಾಳೆಹಣ್ಣು ತಂದಿದ್ದ, ಬೀಗರ ಮನೆಗೆ ಬಂದವರ ಹಾಗೆ. ಅಡುಗೆ ಮಾಡಿದವನು ಕಡೆಗೆ ಉಣ್ಣಬೇಕಲ್ಲ, ನಾನು ಬಡಿಸುತ್ತ ನಿಂತೆ.

“ಹೆಂಗ ಆಗೇತಿ?”

“ಭಾರಿ ಆಗೇತ್ರಿ ಸರ,” ಎಂದ ಸಿದ್ರಾಮ.

“ಕಾಕಾ ಮಾಡಿದಂಗ ಆಗೇತ್ರಿ,” ಎಂದ ರಾಜೇಸಾಬ, ಉಪ್ಪಿನಕಾಯಿ ಬಾಟಲಿಗೆ ಕೈಚಾಚುತ್ತ.

ಉಪ್ಪಿನಕಾಯಿ ತಳ ಕಂಡಿತು. ಹಸಿವೆ ಚೆನ್ನಾಗಿದೆ ಎಂದು ನನಗೆ ಹಿಗ್ಗು. ಅಷ್ಟರಲ್ಲಿ ರೈಲು ಬಂತು. ಮೂವರ ಕೈಗಳೂ ತಾವಾಗಿಯೇ ನಿಂತವು; ಮೂವರೂ ಒಲೆಯ ಕಡೆ ನೋಡಿದೆವು. ಕೊನೆಯ ಡಬ್ಬಿ ದಾಟಿತು. ಬಿಟ್ಟ ಮಾತನ್ನು ಹಿಡಿಯುವವರು ಯಾರೂ ಇರಲಿಲ್ಲ.

ಅವರು ಎದ್ದು ಕೈ ತೊಳೆದರು. “ಬರ್ತೇವ್ರಿ ಸರ,” ಎಂದು ನಮಸ್ಕಾರ ಮಾಡಿ ಹೋದರು.

ನಾನು ತಾಟು ಹಚ್ಚಿಕೊಂಡು ಕೂತೆ. ಶನಿವಾರ ಚಿಂತಿಸಿದ್ದನ್ನೆಲ್ಲ ಮತ್ತೊಮ್ಮೆ ನೆನೆದೆ. ಒಂದೂ ನಿಜವಾಗಿರಲಿಲ್ಲ. ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ.

ಉಪ್ಪು ಹಾಕಿರಲಿಲ್ಲ.