ಮಲಾಫೋ ಮನೆತನದ ಮರ ಬರೆದವನು

ಕುಟುಂಬ ಕೂಟದ ದಿನ ಲಫಾಯೆಲೆ ಎಂಟು ಮಾರು ಉದ್ದದ ಕಾಗದವನ್ನು ಸಭಾಮನೆಯ ಕಂಬದಿಂದ ಕಂಬಕ್ಕೆ ಬಿಗಿದು ಕಟ್ಟಿದಾಗ, ಮಲಾಫೋ ಮನೆತನದ ಮುನ್ನೂರು ಜನ ಕೈಯಲ್ಲಿದ್ದ ಕೆಸುವಿನ ಗಡ್ಡೆ ಬಿಟ್ಟು ತಮ್ಮ ತಮ್ಮ ಹೆಸರು ಹುಡುಕಲು ಎದ್ದರು. ಯಾರ ಹೆಸರೂ ಸಿಗಲಿಲ್ಲ. ಮೇಲಿನ ಕೊಂಬೆಗಳಲ್ಲಿ ಸತ್ತವರೆಲ್ಲ ಹೆಸರು, ಇಸವಿ ಸಮೇತ ಸಾಲಾಗಿ ಕೂತಿದ್ದರು. ಕೆಳಗಿನ ಚೌಕಗಳಲ್ಲಿ ಮಾತ್ರ ಜೀವಂತ, ಜೀವಂತ, ಜೀವಂತ ಎಂದಷ್ಟೇ ಇತ್ತು. ಬದುಕಿರುವವರ ಹೆಸರನ್ನು ಗುಟ್ಟಾಗಿಡುವುದು ಆ ಕಂಪ್ಯೂಟರ್ ಪ್ರೋಗ್ರಾಮಿನ ಶಿಷ್ಟಾಚಾರ. ಆ ಶಿಷ್ಟಾಚಾರ ಕೈಬಿಡಿಸುವ ಗುಂಡಿ ಎಲ್ಲಿದೆಯೆಂದು ಲಫಾಯೆಲೆಗೆ ತಿಳಿದಿರಲಿಲ್ಲ.

ಬದುಕಿದ್ದವರಲ್ಲಿ ಹೆಸರು ಬಂದಿದ್ದದ್ದು ಒಬ್ಬರದೇ, ಸಿಸಿಲಿಯಾ ಅತ್ತೆಯದು. ತೊಂಬತ್ತೆರಡರ ಆಕೆ ಮುಂದಿನ ಚಾಪೆಯಲ್ಲಿ ಕೂತು ಹಂದಿಯ ಕಿವಿ ಅಗಿಯುತ್ತಿದ್ದರು. ಅವರು ಹುಟ್ಟಿದ್ದು 1920ರಲ್ಲಿ. ಲಫಾಯೆಲೆ ಕುಟ್ಟಿದ್ದು 1902. ನೂರಹತ್ತು ಮುಟ್ಟಿದವರನ್ನೆಲ್ಲ ಪ್ರೋಗ್ರಾಮು ತಾನೇ ಮಣ್ಣು ಮಾಡಿಬಿಡುತ್ತದೆ.

"ಏನೋ ಲಫಾಯೆಲೆ, ನಾನು ಯಾವಾಗ ಸತ್ತೆ?" ಅತ್ತೆ ಕೂತಲ್ಲಿಂದಲೇ ಕೇಳಿದರು. "ಊಟಕ್ಕೆ ಮುಂಚೆಯೋ, ಆಮೇಲೋ?"

"ಇಲ್ಲ ಅತ್ತೆ, ಅದು ಕಂಪ್ಯೂಟರು..."

"ಮುಂಚೆ ಅಂದ್ರೆ ಹೇಳಿಬಿಡು. ನಾನು ತಿಂತಿರೋದು ನನ್ನ ಸಾವಿನೂಟಾನಾ ಅಂತ ಗೊತ್ತಾಗಲಿ."

ಮುನ್ನೂರು ಜೀವಂತರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಎಟುವಾಲೆ, ಅತ್ತೆಯ ಮೊಮ್ಮಗ, ಕ್ರಿಸ್ಮಸ್‌ಗೆಂದು ಆಕ್ಲೆಂಡಿನಿಂದ ಬಂದಿದ್ದವನು. ಅವನು ಕಂಬವೊಂದಕ್ಕೆ ಬೆನ್ನು ಕೊಟ್ಟು ಕಾಲು ಮಡಚಿ ಕೂತಿದ್ದ. ಲಫಾಯೆಲೆ ಕಾಗದ ಅಲ್ಲೇ ಬಿಟ್ಟು, ಬೋಗುಣಿಯಲ್ಲಿ ನೀರು ತಂದು ಅವನ ಮುಂದೆ ಬಗ್ಗಿ ಹಿಡಿದ. ಎಟುವಾಲೆ ಕೈ ತೊಳೆದುಕೊಂಡ.

"ಸೋಪಿಲ್ವಾ, ಮಾವ?"

ನಮ್ಮ ಸಮೋವಾದಲ್ಲಿ ಗಂಡಸನ್ನು ಅಳೆಯುವುದು ಕಂಬದಿಂದ. ಸಭಾಮನೆಗೆ ಗೋಡೆಯಿಲ್ಲ, ಸುತ್ತ ಕಂಬಗಳಷ್ಟೇ. ಮನೆತನದ ಮಟಾಯ್ ಪಟ್ಟ, ಅಂದರೆ ಯಜಮಾನಿಕೆ, ಕಟ್ಟಿಸಿಕೊಂಡವನಿಗೆ ಬೆನ್ನೊರಗಿಸಲು ಒಂದು ಕಂಬ ಉಂಟು. ಪಟ್ಟವಿಲ್ಲದವನು ಹಿಂದೆ ಒಲೆಯ ಹೊಗೆಯಲ್ಲಿ ಬೇಯಬೇಕು, ಬಡಿಸಬೇಕು, ಉಂಡವರ ಕೈ ತೊಳೆಸಬೇಕು. ಇಪ್ಪತ್ತರಲ್ಲಿ ಅದು ನೋಡಲು ಚೆಂದ. ಅರವತ್ತರಲ್ಲಿ ಬಗ್ಗಿದರೆ ಮಂಡಿ ಕಟಕಟ ಎನ್ನುತ್ತದೆ, ಅದು ಎಲ್ಲರಿಗೂ ಕೇಳಿಸುತ್ತದೆ. ಎಟುವಾಲೆಗೆ ಮೂವತ್ತನಾಲ್ಕು, ತಾಯಿಯ ಊರಿನ ಸಣ್ಣದೊಂದು ಪಟ್ಟ ಆಗಲೇ ಅವನ ಹೆಗಲೇರಿತ್ತು. ಲಫಾಯೆಲೆಗೆ ಅರವತ್ತು, ಏನೂ ಏರಿರಲಿಲ್ಲ. ಪಟ್ಟವಿಲ್ಲದ ಪಾಡು ಪಟ್ಟವನಿಗೇ ಗೊತ್ತು.

ಮಲಾಫೋ ಪಟ್ಟ ಹತ್ತೊಂಬತ್ತು ವರ್ಷದಿಂದ ಖಾಲಿ ಬಿದ್ದಿತ್ತು. ಹಿಂದೆ ಆ ಪಟ್ಟ ಹೊತ್ತು ಮಲಾಫೋ ಎನಿಸಿಕೊಂಡಿದ್ದವನು ಲಫಾಯೆಲೆಯ ಅಜ್ಜ. ಅಜ್ಜನ ಮಕ್ಕಳು ಇಬ್ಬರು, ಲಫಾಯೆಲೆಯ ಅಪ್ಪ ತಾವಿಟಾ ಮತ್ತು ಸಿಸಿಲಿಯಾ ಅತ್ತೆ. ಅಜ್ಜನ ನಂತರ ಪಟ್ಟ ಅಜ್ಜನ ತಮ್ಮನಿಗೆ ಹೋಯಿತು, ಅವನು ಸತ್ತ ಮೇಲೆ ಯಾರಿಗೂ ಇಲ್ಲ. ತಾವಿಟಾ ಕಾದ, ಬಡಿಸಿದ, ಸತ್ತ. ಲಫಾಯೆಲೆ ಕಾಯುತ್ತಿದ್ದ, ಬಡಿಸುತ್ತಿದ್ದ. ಮೂರನೆಯದೊಂದು ಬಾಕಿಯಿತ್ತು, ಅದಕ್ಕೆ ಮುಂಚೆ ಬೆನ್ನಿಗೊಂದು ಕಂಬ ಸಿಗಲಿ ಎಂಬುದೊಂದೇ ಅವನ ಆಸೆ.

ಅವನು ಭೂದಾಖಲೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತ. ಕಾನ್ವೆಂಟಿನಲ್ಲಿ ನಮ್ಮೆಲ್ಲರಿಗೂ ಪಾಠ ಹೇಳಿದ ಸಿಸ್ಟರು 'ಬಿಟ್ಟ ಸ್ಥಳ ತುಂಬಿರಿ' ಎಂದಾಗ ನಾವು ಪರೀಕ್ಷೆಯ ಮಟ್ಟಿಗೆ ತುಂಬಿದೆವು. ಅವನು ಅದನ್ನೇ ಧರ್ಮ ಮಾಡಿಕೊಂಡ. ಅರ್ಜಿಯಲ್ಲಿ ಒಂದು ಚೌಕ ಖಾಲಿಯಿದ್ದರೆ ಎರಡು ಬಸ್ಸು ಬದಲಿಸಿ ಬಂದ ಮುದುಕಿಯನ್ನೂ ವಾಪಸ್ ಕಳಿಸುತ್ತಿದ್ದ. ನಿವೃತ್ತನಾದ ಮೇಲೆ ಪಕ್ಕದೂರಿನ ಮಾರ್ಮನ್ ಚರ್ಚಿಗೆ ಹೋಗಿ ವಂಶವೃಕ್ಷದ ಪ್ರೋಗ್ರಾಮು ಕಲಿತ. ಅವರು ಸತ್ತವರಿಗೂ ದೀಕ್ಷಾಸ್ನಾನ ಮಾಡಿಸುವ ಜನ, ಹೆಸರುಗಳೆಂದರೆ ಅವರಿಗೆ ಹಸಿವು. ಕೇಳಿದವರಿಗೆ ಕಂಪ್ಯೂಟರು ಬಿಟ್ಟುಕೊಡುತ್ತಾರೆ. ನಮ್ಮ ಪಾದ್ರಿಗಳು ಒಂದು ಭಾನುವಾರವಿಡೀ ಗೊಣಗಿದರು. ಆಮೇಲೆ ಬ್ರಿಸ್ಬೇನಿನಲ್ಲಿದ್ದ ಲಫಾಯೆಲೆಯ ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ಕಳಿಸಿದಳು. ಗೊಣಗಾಟ ನಿಂತಿತು, ಕೆಲಸ ಮನೆಗೆ ಬಂತು.

ನಾಲ್ಕು ವರ್ಷ ಅವನು ಊರೂರು ಅಲೆದ. ವಂಶಾವಳಿ ನಮ್ಮಲ್ಲಿ ಕತ್ತಿಯಿದ್ದ ಹಾಗೆ, ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಾರೆ. ಕೇಳಿದವರಿಗೆ ಮೊಂಡಾದದ್ದೊಂದನ್ನು ಕೊಟ್ಟು ಕಳಿಸುತ್ತಾರೆ. ಒಬ್ಬ ಮುದುಕ ತನ್ನ ಮುತ್ತಜ್ಜನಿಗೆ ಇಬ್ಬರು ಹೆಂಡಿರೆಂದ, ಅವನ ತಮ್ಮ ಐವರೆಂದ, ತಂಗಿ ಮದುವೆಯೇ ಆಗಿರಲಿಲ್ಲವೆಂದಳು. ಲಫಾಯೆಲೆ ಮೂರನ್ನೂ ಕುಟ್ಟಿದ. ಮೂರು ತಿಂಗಳು ಪ್ರೋಗ್ರಾಮಿನ ಪ್ರಕಾರ ಅವನು ತನಗೇ ಚಿಕ್ಕಪ್ಪನಾಗಿದ್ದ. ಬೇರು ಹುಡುಕುತ್ತ ಬೇರೆಯೇ ಆಗಿಹೋದೆಯಲ್ಲೋ ಎಂದು ನಾವು ನಕ್ಕೆವು. ಅವನು ನಗಲಿಲ್ಲ, ಒಂದೊಂದೇ ಗಂಟು ಬಿಡಿಸಿದ. ಮರ ಪೂರ್ತಿಯಾದ ದಿನ ಮನೆತನದವರೇ ಎದ್ದು ಬಂದು ಪಟ್ಟ ಕಟ್ಟುತ್ತಾರೆ ಎಂದು ನಂಬಿದ್ದ. ಅಷ್ಟು ಕೆಲಸ ಮಾಡಿದವನಿಗೆ ಕೊಡದೆ ಇನ್ನಾರಿಗೆ ಕೊಡುತ್ತಾರೆ.

ಕೂಟ ಮುಗಿದ ವಾರ ಅವನು ಡಬ್ಬಿ ಮಾಂಸದ ಒಂದು ಪೆಟ್ಟಿಗೆ ಹೊತ್ತು ಸಿಸಿಲಿಯಾ ಅತ್ತೆಯಲ್ಲಿ ಕ್ಷಮೆ ಕೇಳಲು ಹೋದ.

"ಅತ್ತೆ, ನಿಮ್ಮ ಇಸವಿ ಸರಿ ಮಾಡಿದೀನಿ. ಈಗ ನೀವು ಬದುಕಿದೀರಿ."

"ದೊಡ್ಡ ಉಪಕಾರ ಆಯ್ತು. ಪಾದ್ರಿಗಳಿಗೆ ತಿಳಿಸಿದ್ಯಾ? ಗೋರಿ ತೋಡಿಸಿಬಿಟ್ಟಾರು."

"ಎಲ್ಲಾನೂ ಇನ್ನೊಂದ್ಸಲ ತಾಳೆ ನೋಡ್ತಿದೀನಿ. ಅಪ್ಪನ ಜನ್ಮ ಮಾತ್ರ ಚರ್ಚಿನ ಪುಸ್ತಕದಲ್ಲಿ ಸಿಗ್ತಿಲ್ಲ."

"ಹೇಗೆ ಸಿಗುತ್ತೆ? ಈ ಊರಲ್ಲಿ ಹುಟ್ಟಿದ್ರೆ ತಾನೆ."

ಅತ್ತೆ ಬೀಸಣಿಗೆ ಕೆಳಗಿಟ್ಟು, ಪೆಟ್ಟಿಗೆಯಲ್ಲಿ ಎಷ್ಟು ಡಬ್ಬಿಯಿದೆಯೆಂದು ಕಣ್ಣಲ್ಲೇ ನೋಡಿ, ಮಾತು ಮುಂದುವರಿಸಿದರು. "ಹಡಗಿನಲ್ಲಿ ಜ್ವರ ಬಂತಲ್ಲ, ಹದಿನೆಂಟನೇ ಇಸವಿಯದು. ಮನೆಮನೆ ಖಾಲಿ ಆಯ್ತು. ಆಗ ನಮ್ಮಮ್ಮ ದಾರಿಬದಿ ಒಂದು ಮನೆ ಹೊಕ್ಕಳಂತೆ. ಸತ್ತ ಹೆಂಗಸಿನ ಪಕ್ಕ ಒಂದು ಕೂಸು ಅಳ್ತಾ ಇತ್ತು. ಎತ್ಕೊಂಡು ಬಂದ್ಲು. ಯಾರದು, ಯಾವೂರದು, ಹೇಳೋಕೆ ಆ ಮನೇಲಿ ಯಾರೂ ಉಳಿದಿರಲಿಲ್ಲ. ಅದೇ ನಿಮ್ಮಪ್ಪ. ಎರಡು ವರ್ಷ ಕಳೆದು ನಾನು ಹುಟ್ಟಿದೆ."

ಲಫಾಯೆಲೆ ಮಂಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಿದ್ದ.

"ಊರಿಗೆಲ್ಲ ಗೊತ್ತಿರೋದೇ" ಎಂದರು ಅತ್ತೆ. "ಅವರವರ ಮನೇಲೂ ಅಂಥದ್ದೊಂದು ಕೂಸು ಉಂಟು, ಅದಕ್ಕೇ ಯಾರೂ ಬಾಯಿ ಬಿಡಲ್ಲ. ಬಾಯಿಗೆ ಬರದೇ ಇರೋತನಕ ನೀನೂ ಮಲಾಫೋ ರಕ್ತಾನೇ."

"ಮತ್ತೆ ನನಗ್ಯಾಕೆ ಹೇಳಿದ್ರಿ?"

"ನನ್ನ ಸಾಯಿಸಿದ್ಯಲ್ಲ, ಅದಕ್ಕೆ."

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದ. ಮರದ ಬುಡದಲ್ಲಿ ಒಂದು ಹಸಿರು ಪಟ್ಟಿ, ಕೆಲಸ ಎಷ್ಟು ಮುಗಿಯಿತೆಂದು ತೋರಿಸುವಂಥದ್ದು. ಅದು ಬಹಳ ದಿನದಿಂದ ತೊಂಬತ್ತೊಂಬತ್ತಕ್ಕೆ ನಿಂತಿತ್ತು. ಅಪ್ಪನ ಚೌಕದಿಂದ ಅಜ್ಜನ ಚೌಕಕ್ಕೆ ಹೋಗುವ ಗೆರೆಯೊಂದು ಕೆಂಪಾಗಿ ಉಳಿದಿತ್ತು. ಅದರ ಮೇಲೆ ಒತ್ತಿದರೆ ಪ್ರೋಗ್ರಾಮು ಸಂಬಂಧ ಏನು ಎಂದು ಕೇಳುತ್ತದೆ: ಹೆತ್ತ ಮಗ, ದತ್ತು ಮಗ, ಗೊತ್ತಿಲ್ಲ. 'ಗೊತ್ತಿಲ್ಲ' ಎಂದು ಬರೆದ ಅರ್ಜಿಗಳನ್ನು ಮೂವತ್ತೆರಡು ವರ್ಷ ಹಿಂದಿರುಗಿಸಿದ ಕೈ ಅದು. 'ಹೆತ್ತ' ಎಂದು ಒತ್ತಲು ಈಗ ಅದಕ್ಕೆ ಬರಲಿಲ್ಲ. ದತ್ತಾಂಶ ತುಂಬಲು ಹೊರಟವನು ದತ್ತಿನ ಅಂಶವನ್ನೂ ತುಂಬಿದ. ಗೆರೆ ಚುಕ್ಕಿಚುಕ್ಕಿಯಾಯಿತು. ಪಟ್ಟಿ ನೂರಕ್ಕೆ ಮುಟ್ಟಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ಕಳೆ ಬಂದದ್ದು ಆಗ, ತಾನು ಯಾರೂ ಅಲ್ಲವೆಂದು ತಿಳಿದ ದಿನ.

ಹೆಂಡತಿ ಫಿಲೊಮೇನಾ ಕೋಕೋದ ಲೋಟ ಹಿಡಿದು ಬೆನ್ನ ಹಿಂದೆ ನಿಂತಿದ್ದಳು.

"ಈ ಚುಕ್ಕಿಗೆರೆ ಏನು?"

ಅವನು ಹೇಳಿದ. ಅವಳು ಲೋಟ ಕುಕ್ಕಿದಳು.

"ಅಳಿಸು."

"ಅಳಿಸಿದ್ರೆ ತೊಂಬತ್ತೊಂಬತ್ತಕ್ಕೆ ಇಳಿಯುತ್ತೆ."

"ನಿಂಗೆ ಪಟ್ಟ ಬೇಕಾ, ನೂರು ಬೇಕಾ?"

"ನನ್ನ ಪೆಟ್ಟಿಗೆಯೊಳಗೆ ತಾನೆ ಇರೋದು, ಫಿಲೊಮೇನಾ. ಯಾರು ಬಂದು ನೋಡ್ತಾರೆ?"

ನೋಡುವವನು ಎರಡು ತಿಂಗಳಿಗೆ ಫೋನು ಮಾಡಿದ. "ಮಾವ, ನಿಮ್ಮ ಕೆಲಸ ನೋಡಿ ನಾನು ನಕ್ಕಿದ್ದು ತಪ್ಪಾಯ್ತು" ಎಂದ ಎಟುವಾಲೆ. "ಇಂಥ ಮರ ಬರೆದವರು ಆಕ್ಲೆಂಡಲ್ಲೂ ಇಲ್ಲ. ಇಲ್ಲಿ ನನ್ನ ಸ್ನೇಹಿತನ ಹತ್ರ ದೊಡ್ಡ ಪ್ರಿಂಟರಿದೆ. ಬದುಕಿರೋರ ಹೆಸರೂ ಬರೋ ಹಾಗೆ ಬಣ್ಣದಲ್ಲಿ ತೆಗೆಸ್ತೀನಿ. ಕಳಿಸಿ."

ನಾಲ್ಕು ವರ್ಷದಲ್ಲಿ ಯಾರೂ ಅವನ ಕೆಲಸವನ್ನು ಕೆಲಸ ಎಂದು ಕರೆದಿರಲಿಲ್ಲ. ಲಫಾಯೆಲೆ ಮರವನ್ನು ಎಲೆ ಕೊಂಬೆ ಚುಕ್ಕಿ ಸಮೇತ ಕಳಿಸಿಕೊಟ್ಟ. ಚುಕ್ಕಿ ನೆನಪಿರಲಿಲ್ಲವೇ ಎಂದು ಆಮೇಲೆ ಫಿಲೊಮೇನಾ ಕೇಳಿದಳು. ನೆನಪಿತ್ತಂತೆ. ತೆಗೆದು ಕಳಿಸಿದರೆ ಅಪೂರ್ಣ ಕೆಲಸ ಕಳಿಸಿದ ಹಾಗಾಗುತ್ತಿತ್ತಂತೆ.

ಮೇ ತಿಂಗಳಲ್ಲಿ ಸಿಸಿಲಿಯಾ ಅತ್ತೆ ತೀರಿಕೊಂಡರು, ಈ ಸಲ ಕಂಪ್ಯೂಟರಿನ ನೆರವಿಲ್ಲದೆ. ಲಫಾಯೆಲೆ ಹಂದಿ ಸುಟ್ಟ, ಬಡಿಸಿದ, ಬೋಗುಣಿ ಹಿಡಿದ. ಮಣ್ಣು ಮುಗಿದ ಮಾರನೆಯ ದಿನ ಎಟುವಾಲೆ ಮಲಾಫೋ ಪಟ್ಟ ತನಗೆ ಬರಬೇಕೆಂದು ಮನೆತನದ ಸಭೆಯಲ್ಲಿ ಎದ್ದ. ಅರ್ಧ ಜನ ಅವನ ಕಡೆ, ಅರ್ಧ ಜನ ಲಫಾಯೆಲೆಯ ಕಡೆ. ಮಾತು ಮುರಿದು, ಪಟ್ಟದ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಯಿತು.

ಅಲ್ಲಿ ಎಟುವಾಲೆ ಬಣ್ಣದ ಮರವನ್ನು ಬಿಡಿಸಿ ಹಿಡಿದ. ಬದುಕಿರುವವರ ಹೆಸರೆಲ್ಲ ಬಂದಿತ್ತು. ಬುಡದಲ್ಲಿ ಸಣ್ಣಕ್ಷರದಲ್ಲಿ 'ತಯಾರಿಸಿದವರು: ಎಟುವಾಲೆ' ಎಂದಿತ್ತು. ನಡುವೆ ತಾವಿಟಾನ ಚೌಕಕ್ಕೆ ಇಳಿದ ಚುಕ್ಕಿಗೆರೆಯ ಮೇಲೆ ಅವನು ಬೆರಳಿಟ್ಟ.

"ನಾನು ಯಾರನ್ನೂ ಅವಮಾನ ಮಾಡ್ತಿಲ್ಲ, ಒಡೆಯರೇ. ಮರ ಏನು ಹೇಳುತ್ತೋ ಅದು. ರಕ್ತದವನು ಇದ್ದಾಗ ಎತ್ತಿ ತಂದ ಕೂಸಿನ ಮಗನಿಗೆ ಪಟ್ಟ ಹೋಗೋದು ಹೇಗೆ?"

ಊರಿನಿಂದ ಬಂದಿದ್ದ ನಾವೆಲ್ಲ ಕಾಲಬೆರಳು ನೋಡಿಕೊಂಡೆವು. ತೊಂಬತ್ತು ವರ್ಷ ಯಾರೂ ಆಡದ ಮಾತು ಈಗ ಗೋಡೆಯಷ್ಟು ಅಗಲವಾಗಿ, ನಾಲ್ಕು ಬಣ್ಣದಲ್ಲಿ ನಿಂತಿತ್ತು.

ಹಿರಿಯ ನ್ಯಾಯಾಧೀಶರು ಕನ್ನಡಕ ಏರಿಸಿ ಬುಡದ ಸಾಲು ಓದಿದರು. "ಇದಕ್ಕೆ ಆಧಾರ?"

"ನಮ್ಮಜ್ಜಿ ಹೇಳಿದ್ದು."

"ಅಜ್ಜಿ ಇಲ್ಲ. ಬರಹದಲ್ಲಿ ಬೇರೆ ಏನಾದ್ರೂ ಉಂಟಾ?"

ಇರಲಿಲ್ಲ. ನ್ಯಾಯಾಧೀಶರ ಮುಖ ಸಡಿಲವಾಯಿತು. ಅವರ ಮನೆಯಲ್ಲೂ ಜ್ವರದ ವರ್ಷದ ಕೂಸೊಂದು ಇದ್ದಿರಬೇಕು. "ಪಟ್ಟ ಕೇಳೋನು ತಾನೇ ಬರೆದ ಮರ ತನಗೇ ಸಾಕ್ಷಿ ಆಗಲ್ಲಪ್ಪ" ಎಂದರು. ಎಟುವಾಲೆ ಬುಡದಲ್ಲಿದ್ದ ತನ್ನ ಹೆಸರನ್ನು ಈಗ ತಾನೇ ಕಂಡವನ ಹಾಗೆ ನೋಡಿದ.

ಹಿಂದಿನ ಬೆಂಚಿನಿಂದ ಫಿಲೊಮೇನಾ ಗಂಡನ ಕಿವಿಗೆ ಬಗ್ಗಿದಳು. "ಹೌದು ಅನ್ನು. ಒಂದೇ ಮಾತು. ಪಟ್ಟ ನಿಂದು."

ನ್ಯಾಯಾಧೀಶರು ಲಫಾಯೆಲೆಯತ್ತ ತಿರುಗಿದರು. ಮಗುವಿಗೆ ಉತ್ತರ ಹೇಳಿಕೊಡುವ ಹಾಗೆ ನಿಧಾನವಾಗಿ ಕೇಳಿದರು. "ಲಫಾಯೆಲೆ, ಈ ಮರ ನಿಮ್ಮ ಎದುರುಕಡೆಯವರು ಬರೆದದ್ದು. ನಿಮಗೆ ಇದರ ಸಂಬಂಧ ಏನೂ ಇಲ್ಲ. ಹೌದಲ್ವಾ?"

ಲಫಾಯೆಲೆ ಎದ್ದು ನಿಂತ. ಮಂಡಿ ಕಟಕಟ ಎಂದಿತು. ಕಾಗದದ ಹತ್ತಿರ ನಡೆದು, ಕಣ್ಣು ಕಿರಿದು ಮಾಡಿ, ಬುಡದ ಸಾಲನ್ನು ಎರಡು ಸಲ ಓದಿದ.

"ಇವನಾ?" ಎಂದ. "ಇವನಿಗೆ ಅವರಪ್ಪ ಹುಟ್ಟಿದ ದಿನ ಗೊತ್ತಿಲ್ಲ, ಒಡೆಯರೇ. ನಾಲ್ಕು ವರ್ಷ ಕೂತು ಬರೆದವನು ನಾನು. ಮೂರು ಸಲ ತಾಳೆ ನೋಡಿದೀನಿ. ನನ್ನದರಲ್ಲಿ ಅಕ್ಷರ ಇಷ್ಟು ಸಣ್ಣದಿರಲಿಲ್ಲ."